ಸಹಾಯ ಬೇಕು: ಶಿರಸಿ ಸುತ್ತ ನಾಯಿಯೊಂದಿಗೆ ಹತ್ತಬಹುದಾದ ಗುಡ್ಡ

ಡಿಸೆಂಬರ್ ರಜೆಗೆ ಅಕ್ಕನ ಮಕ್ಕಳು ಬರುತ್ತಿದ್ದಾರೆ. ಇಬ್ಬನಿ ಆರಿದ ಮೇಲೆ ಹೊರಟು ಊಟದ ಹೊತ್ತಿಗೆ ಮನೆ ಸೇರುವಂಥ, ಆಯಿಯ ಮೊಣಕಾಲಿಗೂ ಒಗ್ಗುವ ಗುಡ್ಡ ಯಾವುದಿದೆ? ಯಾಣ ಬೇಡ, ರಜೆಯಲ್ಲಿ ಅಲ್ಲಿ ಜನಜಾತ್ರೆ, ನಮ್ಮ ನಾಯಿ ಕರಿಯನಿಗೆ ಅಪರಿಚಿತರನ್ನು ಕಂಡರಾಗದು.

ನಿಜವಾದ ಚಿಂತೆ ಉಣುಗಿನದು. ಅದು ಕಚ್ಚಿದರೆ ಹರಡುವ ಮಂಗನ ಕಾಯಿಲೆಯ ಕಾಲ ಶುರುವಾಗುವುದೇ ಈಗ. ತರಗೆಲೆಗೆ ಮೂಗು ತೂರಿಸದೆ ಹೆಜ್ಜೆ ಇಡದ ನಾಯಿ ಇದು. ಮೊನ್ನೆ ಸೊಪ್ಪಿನಬೆಟ್ಟಕ್ಕೆ ಹೋಗಿ ಬಂದಾಗ ಕಿವಿಯ ಮಡಿಕೆಯೊಳಗೆ ಸಾಸಿವೆಯಷ್ಟಿನ ಮರಿ ಉಣುಗುಗಳು ಸಾಲಾಗಿ ಕಚ್ಚಿಕೊಂಡಿದ್ದವು. ನಮ್ಮ ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಡೆಪಾ ತೈಲವಿದೆ, ನಾಯಿಗೆ? ಬೆನ್ನಿಗೆ ಬಿಡುವ ಹನಿ, ಕೊರಳಪಟ್ಟಿ, ಮಾತ್ರೆ ಇವುಗಳಲ್ಲಿ ಕಾಡಿನಲ್ಲಿ ಯಾವುದು ತಡೆಯುತ್ತದೆ? ಬಳಸಿದವರು ಹೇಳಿ. ಬೇವಿನೆಣ್ಣೆ ಮಾತ್ರ ಸೂಚಿಸಬೇಡಿ. ಅದರ ವಾಸನೆಗೆ ನಾವೇ ಮನೆ ಬಿಡುವಂತಾಗಿತ್ತು.

ಚಿರತೆ ಓಡಾಡುವ ಜಾಗ ಗೊತ್ತಿದ್ದರೆ ಅದನ್ನೂ ತಿಳಿಸಿ.