ಮೋಲ್ಡ್‌ಗೂ ಬೋರ್‌ವೆಲ್ ಲೈನ್‌ಗೂ ಒಂದೇ ಪೈಪ್ ಬೇಡ, ಚಿಕ್ಕಪ್ಪ

ಚಿಕ್ಕಪ್ಪ, ನಮಸ್ಕಾರ. ಶಿಡ್ಲಘಟ್ಟದ ಹೊಸ ಮನೆಯ ಮೋಲ್ಡ್‌ನೊಳಗೂ (ತಾರಸಿಯ ಕಾಂಕ್ರೀಟ್), ಅಲ್ಲಿಂದ ರೇಷ್ಮೆ ಹುಳು ಸಾಕಣೆ ಮನೆ ದಾಟಿ ಬೋರ್‌ವೆಲ್ ಶೆಡ್‌ಗೆ ಹೋಗುವ ನೆಲದೊಳಗಿನ ಕರೆಂಟ್ ಲೈನ್‌ಗೂ ತಂತಿ ತೂರಿಸಲು ಒಂದೇ ಫ್ಲೆಕ್ಸಿಬಲ್ ಪೈಪ್ ಎಳೆದುಬಿಡೋಣ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆಂದು ಗುಂಪಿನಲ್ಲಿ ಕೇಳಿದ್ದೀರಿ. ಕಾಂಕ್ರೀಟ್ ಬಿದ್ದ ಮೇಲೆ ತಿದ್ದಲಾಗದ ಕೆಲಸವಾದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬಿಡುವಾದಾಗ ಪೂರ್ತಿ ಕೇಳಿ.

ನೀವು ಕಳುಹಿಸಿದ ವೀಡಿಯೊದಲ್ಲಿ ಅಮೆರಿಕದವರು ಮೋಲ್ಡ್‌ನೊಳಗೆ ನೀಲಿ ಬಣ್ಣದ ಸುರುಳಿ ಪೈಪ್ ಹಾಕುತ್ತಿರುವುದು ನಿಜ. ಆದರೆ ಅದು ಕಾಂಕ್ರೀಟ್‌ಗೆಂದೇ ಪರೀಕ್ಷೆಯಾದ ಪೈಪ್. ಅದರ ಜೋಡಣೆಗಳೂ ಸಿಮೆಂಟ್ ಹಾಲು ಒಳಗೆ ನುಗ್ಗದಂತೆ ಬಿಗಿಯಾಗಿ ಕೂರುವಂಥವು. ಅದೇ ಪೈಪನ್ನು ನೇರವಾಗಿ ಮಣ್ಣಿನಲ್ಲಿ ಹೂಳಲು ಅಲ್ಲಿನ ನಿಯಮವೇ ಬಿಡುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಸುರುಳಿಗಟ್ಟಿ ಮಾರುವ ತೆಳು ಬಿಳಿ ಪೈಪ್‌ಗೆ ಸಾಮಾನ್ಯವಾಗಿ ಅಂಥ ಜೋಡಣೆ ಇರುವುದಿಲ್ಲ, ಟೇಪ್ ಸುತ್ತಿ ಮುಗಿಸುತ್ತಾರೆ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ತಾಗಿದಾಗ, ಕೆಲಸದವರು ಬಾಂಡ್ಲಿ ಹೊತ್ತು ಕಂಬಿಯ ಮೇಲೆ ಓಡಾಡುವಾಗ, ಅದು ಒಂದು ಕಡೆ ಚಪ್ಪಟೆಯಾದರೂ ಸಾಕು, ಆಮೇಲೆ ತಂತಿ ಎಳೆಯಲು ಮೋಲ್ಡನ್ನೇ ಒಡೆಯಬೇಕಾಗುತ್ತದೆ. ಚಪ್ಪಟೆಯಾಗದಿದ್ದರೂ ಎರಡು ಕಟ್ಟುಗಳ ನಡುವೆ ಜೋತುಬಿದ್ದ ಕಡೆ ನೀರು ನಿಲ್ಲುತ್ತದೆ, ಒಳಗಿನ ಸುಕ್ಕುಗಳು ತಂತಿಯನ್ನು ಹಿಡಿಯುತ್ತವೆ.

ಆದ್ದರಿಂದ ಮೋಲ್ಡ್‌ಗೆ ಐಎಸ್ 9537 ಎಂದು ಅಚ್ಚಾಗಿರುವ, ಐಎಸ್‌ಐ ಗುರುತಿನ ಗಟ್ಟಿ ಪಿವಿಸಿ ಪೈಪನ್ನೇ ತರಿಸಿ. ಅದರಲ್ಲಿ ಹಗುರ, ಮಧ್ಯಮ, ಭಾರಿ ಎಂಬ ದರ್ಜೆಗಳಿವೆ. ಅದುಮುವ ಪರೀಕ್ಷೆಯಲ್ಲಿ ಹಗುರದ್ದು 320 ನ್ಯೂಟನ್, ಮಧ್ಯಮದ್ದು 750, ಭಾರಿಯದ್ದು 1250 ನ್ಯೂಟನ್ ಒತ್ತಡ ತಡೆಯಬೇಕು. ಹಗುರದ್ದಕ್ಕೂ ಮಧ್ಯಮದ್ದಕ್ಕೂ ತಾಳಿಕೆಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಅಂತರವಿರುವಾಗ ಈ ಒಂದು ಜಾಗದಲ್ಲಿ ಉಳಿತಾಯ ನೋಡಬೇಡಿ. 25 ಮಿಲಿಮೀಟರಿನದು ಸಾಕು. ತಿರುವಿನಲ್ಲಿ ಮೊಣಕೈಯಂತೆ ತಟ್ಟನೆ ತಿರುಗುವ ಎಲ್ಬೋ ಬೇಡ, ಉದ್ದ ಬೆಂಡ್ ಹಾಕಿಸಿ ಅಥವಾ ಸ್ಪ್ರಿಂಗ್ ತೂರಿಸಿ ಬಾಗಿಸಲಿ, ಜೋಡಣೆಗೆಲ್ಲ ಸಲ್ಯೂಷನ್ (ಪಿವಿಸಿ ಅಂಟು) ಹಚ್ಚಲಿ. ಪೈಪ್‌ಗಳು ಕೆಳಗಿನ ಕಂಬಿಯ ಮೇಲೆ ಕೂರಬೇಕು, ಸೆಂಟ್ರಿಂಗ್ ಹಲಗೆಗೆ ತಾಗಿರಬಾರದು. ನಾಲ್ಕೈದು ಪೈಪ್‌ಗಳನ್ನು ಒಟ್ಟಿಗೆ ಕಟ್ಟಿದರೆ ಅಲ್ಲಿ ಕಾಂಕ್ರೀಟ್ ಇಳಿಯುವುದಿಲ್ಲ, ಇದನ್ನು ಮೇಸ್ತ್ರಿಗೂ ಒಮ್ಮೆ ಹೇಳಿ.

ನೆಲದೊಳಗಿನ ಲೈನ್ ಬೇರೆಯೇ ಲೆಕ್ಕ. ಮಣ್ಣಿನಲ್ಲಿರುವ ಪೈಪ್ ಎಷ್ಟು ಬಿಗಿಯಾಗಿದ್ದರೂ ಒಳಗೆ ನೀರು ಸೇರುತ್ತದೆ. ಸೋರಿಕೆಯಿಂದ ಅಲ್ಲದಿದ್ದರೆ ತಣ್ಣನೆಯ ಪೈಪಿನೊಳಗೆ ಗಾಳಿಯ ತೇವವೇ ಹನಿಗಟ್ಟಿ ನಿಲ್ಲುತ್ತದೆ. ಹಾಗಾಗಿ ಮನೆಯೊಳಗೆ ಎಳೆಯುವ ಬಿಡಿ ತಂತಿಯನ್ನು ಅಲ್ಲಿಗೆ ಎಳೆಯಬಾರದು. ಲೋಹದ ಕವಚವಿರುವ ಆರ್ಮರ್ಡ್ ಕೇಬಲ್ ತೆಗೆದುಕೊಳ್ಳಿ. ಅದನ್ನು ಪೈಪ್ ಇಲ್ಲದೆಯೂ ಹೂಳಬಹುದು: ಮುಕ್ಕಾಲು ಮೀಟರ್ ಆಳದ ಕಾಲುವೆ, ಕೆಳಗೂ ಮೇಲೂ ಮರಳು, ಅದರ ಮೇಲೆ ಇಟ್ಟಿಗೆ ಸಾಲು. ಆದರೆ ನಿಮ್ಮ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಟ್ರ್ಯಾಕ್ಟರ್ ಓಡಾಡುತ್ತದೆ, ಹೆಗ್ಗಣದ ಕಾಟವೂ ಇದೆ, ಮುಂದೆ ಕೇಬಲ್ ಬದಲಿಸುವ ಸಂದರ್ಭವೂ ಬರಬಹುದು. ಅದಕ್ಕಾಗಿ ಆ ಭಾಗದಲ್ಲಿ ಹೊರಗೆ ಸುಕ್ಕು, ಒಳಗೆ ನುಣುಪು ಇರುವ ಎರಡು ಪದರದ ಡಿಡಬ್ಲ್ಯುಸಿ ಪೈಪ್ ಒಳ್ಳೆಯದು. ಅದರ ಮೇಲೆ ಐಎಸ್ 14930 ಎಂದಿರಬೇಕು. ಅದೂ ಸುರುಳಿಯಲ್ಲಿ ಸಿಗುತ್ತದೆ, ನಿಧಾನವಾಗಿ ಬಾಗುತ್ತದೆ, ಅಂದರೆ ಎಲೆಕ್ಟ್ರಿಷಿಯನ್‌ಗೆ ಬೇಕಾದ ಅನುಕೂಲ ಅದರಲ್ಲೇ ಇದೆ. ಗುಂಡಿಯಿಂದ ತೆಗೆದ ಕಲ್ಲು ಮಿಶ್ರಿತ ಮಣ್ಣನ್ನು ನೇರವಾಗಿ ಪೈಪಿನ ಮೇಲೆ ಎಳೆಯಲು ಬಿಡಬೇಡಿ, ಮೊದಲು ಮರಳು ಅಥವಾ ಜರಡಿ ಹಿಡಿದ ಮಣ್ಣು ಬೀಳಲಿ.

ಫ್ಲೆಕ್ಸಿಬಲ್ ಪೈಪ್ ಬೇಡವೇ ಬೇಡ ಎನ್ನುತ್ತಿಲ್ಲ. ಶೆಡ್‌ನಲ್ಲಿ ಗೋಡೆಯ ಪೈಪಿನಿಂದ ಸ್ಟಾರ್ಟರ್‌ವರೆಗೆ, ಅದುರುವ ಯಂತ್ರದ ಬಳಿ, ಫಾಲ್ಸ್ ಸೀಲಿಂಗ್‌ನಲ್ಲಿ ದೀಪಕ್ಕೆ ಇಳಿಯುವ ಗಿಡ್ಡ ತುಂಡಿಗೆ ಅದೇ ಸರಿ. ಹುಳು ಮನೆಯಲ್ಲಿ ಮಾತ್ರ ಕಬ್ಬಿಣದ ಫ್ಲೆಕ್ಸಿಬಲ್ ಬಳಸಬೇಡಿ, ಅಲ್ಲಿನ ತೇವಕ್ಕೂ ಬ್ಲೀಚಿಂಗ್ ಪುಡಿಯ ಘಾಟಿಗೂ ಅದು ಬೇಗ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್‌ನದನ್ನು ಹಾಕಿ ತುದಿಗಳನ್ನು ಗ್ಲ್ಯಾಂಡ್‌ನಿಂದ (ಬಿಗಿ ಹಿಡಿಯುವ ತಿರುಪು ಮುಚ್ಚಳ) ಮುಚ್ಚಿಸಿ.

ಮೋಲ್ಡ್ ಹಾಕುವ ಹಿಂದಿನ ಸಂಜೆ ಪ್ರತಿ ಪೈಪಿನಲ್ಲೂ ಜಿಐ ತಂತಿ ತೂರಿಸಿ ನೋಡಿಸಿ, ಫ್ಯಾನ್ ಬಾಕ್ಸ್‌ಗಳ ಬಾಯಿ ಮುಚ್ಚಿಸಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆದು ಇಲ್ಲಿಗೆ ಹಾಕಿ. ಕಾಂಕ್ರೀಟ್ ಬೀಳುವಷ್ಟು ಹೊತ್ತೂ ಎಲೆಕ್ಟ್ರಿಷಿಯನ್ ಮೇಲೆಯೇ ಇರಬೇಕೆಂದು ಈಗಲೇ ಮಾತಾಡಿಕೊಳ್ಳಿ.