ಹವಾಯಿಯ ಮೌನಾ ಕೇಯಾ: ಬೆಳಿಗ್ಗೆ ಸಮುದ್ರ, ಸಂಜೆ ಹಿಮ, ಒಂದೇ ದಿನದಲ್ಲಿ ಆಗುತ್ತಾ?

ಕಡಲಹಾದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯಲ್ಲಿ ಹವಾಯಿಯ ಬಿಗ್ ಐಲ್ಯಾಂಡಿಗೆ ಹೋಗುತ್ತಿದ್ದೇವೆ. ಆರು ದಿನ, ಉಳಿಯುವುದು ಹಿಲೋದಲ್ಲಿ. ನಾನು, ನನ್ನ ಗಂಡ, 10 ವರ್ಷದ ಮಗ, ಜೊತೆಗೆ ಅತ್ತೆ. ಅತ್ತೆಗೆ 68, ಬಿಪಿ ಮಾತ್ರೆ ತಗೊಳ್ಳುತ್ತಾರೆ, ಮಿಕ್ಕಂತೆ ಗಟ್ಟಿಯಾಗಿದ್ದಾರೆ. ತೆಂಗಿನ ಮರಗಳಿರುವ ದ್ವೀಪದಲ್ಲೇ ಹಿಮ ಬೀಳುವ ಬೆಟ್ಟ ಇದೆ ಅಂತ ಗೊತ್ತಾದಾಗಿನಿಂದ ಮಗನ ಬಾಯಲ್ಲಿ ಅದೇ ಮಾತು. ಅತ್ತೆಯೂ ಇಷ್ಟು ವರ್ಷದಲ್ಲಿ ಹಿಮ ಮುಟ್ಟಿ ನೋಡಿಲ್ಲ.

ನಾವು ಅಂದುಕೊಂಡಿರುವುದು ಹೀಗೆ. ಬೆಳಿಗ್ಗೆ ಗಂಡ ಸ್ಕೂಬಾ ಡೈವಿಂಗ್ ಮುಗಿಸುತ್ತಾರೆ, ಮಧ್ಯಾಹ್ನ ಊಟ ಮಾಡಿ ಬಾಡಿಗೆ ಕಾರಿನಲ್ಲಿ ಹೊರಟರೆ ಎರಡು ಗಂಟೆಯಲ್ಲಿ ತುದಿ, ಅಲ್ಲೇ ಸೂರ್ಯಾಸ್ತ ನೋಡಿ ವಾಪಸ್. ಕಾರು ಮಾಮೂಲಿ ಸಣ್ಣ ಕಾರು. ಆಗುತ್ತಾ? ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ.

ಮೋಡದಮೇಲೆ:

ದಯವಿಟ್ಟು ಈ ಪ್ಲಾನ್ ಬದಲಾಯಿಸಿ. ಇಷ್ಟು ನೇರವಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ, ನಾವೂ ಹೀಗೇ ಮಾಡಿದ್ದೆವು.

ತುದಿಯ ಎತ್ತರ 4,207 ಮೀಟರ್. ಬೇರೆ ಬೆಟ್ಟಗಳಲ್ಲಿ ಅಷ್ಟು ಎತ್ತರ ತಲುಪಲು ದಿನಗಟ್ಟಲೆ ನಡೆಯಬೇಕು, ಆ ನಡಿಗೆಯಲ್ಲೇ ದೇಹ ಹೊಂದಿಕೊಳ್ಳುತ್ತದೆ. ಇಲ್ಲಿ ಸಮುದ್ರದ ದಂಡೆಯಿಂದ ಕಾರೇ ಎರಡು ಗಂಟೆಯಲ್ಲಿ ಮೇಲೆ ಒಯ್ದುಬಿಡುತ್ತದೆ. ಮೇಲೆ ಗಾಳಿಯ ಒತ್ತಡ ಕೆಳಗಿನದಕ್ಕಿಂತ ಸುಮಾರು ಶೇಕಡಾ 40 ಕಡಿಮೆ. ದಾರಿಯಲ್ಲಿ 2,800 ಮೀಟರ್ ಎತ್ತರದಲ್ಲಿ ವಿಸಿಟರ್ ಸ್ಟೇಷನ್ ಇದೆ, ಅಲ್ಲಿ ಕಡಿಮೆ ಅಂದರೂ ಅರ್ಧ ಗಂಟೆ ನಿಲ್ಲಿ ಅಂತ ಹೇಳುತ್ತಾರೆ. ಸೂರ್ಯಾಸ್ತ ತಪ್ಪಿಹೋಗುತ್ತೆ ಅನ್ನುವ ಆತುರದಲ್ಲಿ ನಾವು ಐದು ನಿಮಿಷಕ್ಕೇ ಹೊರಟೆವು. ಮೇಲೆ ಬಗ್ಗಿ ಶೂ ಲೇಸ್ ಕಟ್ಟಿದ್ದಕ್ಕೇ ಏದುಸಿರು ಬಂತು. ಆಮೇಲೆ ತಲೆ ಸಿಡಿಯತೊಡಗಿತು, ಹೆಂಡತಿಗೆ ವಾಂತಿ. ಕೆಳಗೆ ಮೋಡಗಳೆಲ್ಲ ಕೆಂಪಾಗಿದ್ದವು, ಅಷ್ಟು ಚೆಂದದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ, ಆದರೆ ಆವತ್ತು ಇಬ್ಬರಿಗೂ ನೋಡುವ ಸ್ಥಿತಿ ಇರಲಿಲ್ಲ. ಕೆಳಗೆ ಇಳಿದ ಮೇಲೇ ಸರಿಹೋಯಿತು. ಇದಕ್ಕೆ ಮದ್ದು ಅಂದರೆ ಇಳಿಯುವುದೇ, ಅಲ್ಲೇ ಕೂತು ಸುಧಾರಿಸಿಕೊಳ್ಳೋಣ ಅಂದುಕೊಳ್ಳಬೇಡಿ.

ಡೈವಿಂಗ್ ವಿಷಯ ಇನ್ನೂ ಗಂಭೀರ. ಆಳಕ್ಕೆ ಹೋದಾಗ ರಕ್ತದಲ್ಲಿ ಕರಗಿದ ನೈಟ್ರೋಜನ್, ಒತ್ತಡ ಕಡಿಮೆ ಇರುವ ಕಡೆ ಗುಳ್ಳೆ ಆಗುತ್ತದೆ. ಡೈವ್ ಮಾಡಿ 24 ಗಂಟೆ ಆಗದೆ ತುದಿಗೆ ಹೋಗಲೇಬಾರದು. ಹಾಗೇ 13 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಸ್ಟೇಷನ್ನಿನಿಂದ ಮೇಲೆ ಹೋಗಬೇಡಿ ಅನ್ನುತ್ತಾರೆ. ಮಗನಿಗೆ ಬೇಜಾರಾಗುತ್ತೆ, ಗೊತ್ತು. ಅತ್ತೆಯವರ ಬಗ್ಗೆ ಅವರ ಡಾಕ್ಟರನ್ನೇ ಕೇಳಿ.

ಲೋಗೇರ್:

ಕಾರಿನ ಬಗ್ಗೆ. ಸ್ಟೇಷನ್‌ವರೆಗೆ ಡಾಂಬರು ರಸ್ತೆ, ಕಡಿದಾಗಿದೆ ಆದರೂ ಮಾಮೂಲಿ ಕಾರು ಹತ್ತುತ್ತದೆ. ಅಲ್ಲಿಂದ ಮುಂದೆ ಸುಮಾರು 8 ಕಿ.ಮೀ. ಜಲ್ಲಿ ರಸ್ತೆ, ಆಮೇಲೆ ತುದಿ ಹತ್ತಿರ ಮತ್ತೆ ಡಾಂಬರು. ಅದಕ್ಕೆ ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು, ರೇಂಜರ್‌ಗಳು ನೋಡಿ ವಾಪಸ್ ಕಳಿಸುತ್ತಾರೆ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಬ್ರೇಕ್ ತುಳಿದುಕೊಂಡೇ ಬಂದರೆ ಅದು ಕಾದು ಕೈಕೊಡುತ್ತದೆ. ಲೋ ಗೇರಿನಲ್ಲೇ ಇಳಿಸಬೇಕು. ಫೋರ್ ವೀಲ್ ಗಾಡಿ ಸಿಕ್ಕರೂ ಬಾಡಿಗೆ ಒಪ್ಪಂದ ಪೂರ್ತಿ ಓದಿ, ಈ ರಸ್ತೆಗೆ ಹೋಗಬಾರದು ಅಂತ ಬರೆದಿರುವುದು ಉಂಟು. ಬೆಟ್ಟದ ಮೇಲೆ ಪೆಟ್ರೋಲ್ ಸಿಗುವುದಿಲ್ಲ, ಹಿಲೋದಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಸೂರ್ಯಾಸ್ತ ಆಗಿ ಅರ್ಧ ಗಂಟೆಯೊಳಗೆ ಎಲ್ಲರೂ ತುದಿ ಬಿಡಬೇಕು. ಅನುಮತಿ ಇರುವ ಟೂರ್ ವ್ಯಾನಿನಲ್ಲಿ ಹೋದರೆ ಓಡಿಸುವ ಚಿಂತೆ ಇಲ್ಲ.

ಬಿಳಿಬೆಟ್ಟ:

ಹಿಮದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಾನು ಹಿಲೋದಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ.

ಅಲ್ಲಿ ಹಿಮ ವರ್ಷಪೂರ್ತಿ ಇರುವುದಿಲ್ಲ. ಡಿಸೆಂಬರಿನಿಂದ ಮಾರ್ಚ್ ಒಳಗೆ ಬಿರುಗಾಳಿ ಬಂದಾಗ ಬೀಳುತ್ತದೆ, ಕೆಲವೇ ದಿನದಲ್ಲಿ ಕರಗಿಹೋಗುವುದೂ ಉಂಟು. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ: ಹಿಮ ಬಿದ್ದ ದಿನ ರಸ್ತೆ ಮುಚ್ಚಿರುತ್ತದೆ. ರಸ್ತೆಯ ಮೇಲೆ ಐಸ್ ಕಟ್ಟುತ್ತದೆ, ಗಾಳಿ ನಿಲ್ಲಲು ಬಿಡುವುದಿಲ್ಲ. ಆದ್ದರಿಂದ ಇಂಥ ದಿನವೇ ಹಿಮ ಮುಟ್ಟುತ್ತೇವೆ ಅಂತ ಮಗನಿಗೆ ಮಾತು ಕೊಡಬೇಡಿ. ಹೊರಡುವ ಮುಂಚೆ ರಸ್ತೆ ತೆರೆದಿದೆಯಾ ಅಂತ ಪ್ರತಿ ಸಲ ವಿಚಾರಿಸಿ. ರಸ್ತೆ ತೆರೆದ ಮೇಲೆ ಅಲ್ಲಿನ ಜನ ಪಿಕಪ್ ಗಾಡಿ ತುಂಬ ಹಿಮ ತುಂಬಿಕೊಂಡು ಕೆಳಗೆ ತರುತ್ತಾರೆ, ನಮ್ಮ ಬೀದಿಯ ಮಕ್ಕಳು ಬರಿಗಾಲಲ್ಲಿ ಅದರಲ್ಲಿ ಆಡುವುದನ್ನು ನೋಡಿದ್ದೇನೆ.

ಹಿಮ ಬಿದ್ದ ಮಾರನೇ ದಿನ ಬೆಳಗಿನ ಜಾವ, ಮೋಡ ಏಳುವ ಮುಂಚೆ, ಹಿಲೋ ಕೊಲ್ಲಿಯ ದಂಡೆಗೆ ಬನ್ನಿ. ಎದುರಿಗೆ ತೆಂಗಿನ ಗರಿ, ಅದರ ಹಿಂದೆ ಬಿಳಿ ಬೆಟ್ಟ. ನನಗೆ ತುದಿಗಿಂತ ಆ ನೋಟವೇ ಮನಸ್ಸಿನಲ್ಲಿ ಉಳಿದಿದೆ.

ಇನ್ನೊಂದು ಮಾತು. ಇದು ಹವಾಯಿಯ ಜನರಿಗೆ ದೇವರ ಜಾಗ. ಹಿಮದ ದೇವತೆ ಪೋಲಿಅಹು ಅಲ್ಲಿರುತ್ತಾಳೆ ಅನ್ನುತ್ತಾರೆ. 2019ರಲ್ಲಿ ಅಲ್ಲಿ ಮತ್ತೊಂದು ದೊಡ್ಡ ದೂರದರ್ಶಕ ಕಟ್ಟುವುದು ಬೇಡ ಅಂತ ಹಿರಿಯರು ರಸ್ತೆಯಲ್ಲೇ ಕೂತರು, ಪೊಲೀಸರು ಅವರನ್ನು ಬಂಧಿಸಿದರು. ದೂರದರ್ಶಕಗಳ ಹತ್ತಿರ ಇರುವ ಪುಉ ವೇಕಿಯು ದಿಬ್ಬವೇ ಬೆಟ್ಟದ ನಿಜವಾದ ತುದಿ, ಅದನ್ನು ಹತ್ತಬೇಡಿ ಅಂತ ಕೇಳಿಕೊಳ್ಳುತ್ತಾರೆ. ಫೋಟೋಗಾಗಿ ಹತ್ತುವವರನ್ನು ನೋಡಿದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಕಡಲಹಾದಿ:

ತುಂಬಾ ಥ್ಯಾಂಕ್ಸ್, ಇಷ್ಟೆಲ್ಲ ನಮಗೆ ಗೊತ್ತೇ ಇರಲಿಲ್ಲ. ಡೈವಿಂಗ್ ಮೊದಲನೇ ದಿನಕ್ಕೆ, ಬೆಟ್ಟ ನಾಲ್ಕನೇ ದಿನಕ್ಕೆ ಹಾಕಿದ್ದೇವೆ. ನಾಲ್ಕೂ ಜನ ಸ್ಟೇಷನ್‌ವರೆಗೆ ಮಾತ್ರ ಹೋಗುತ್ತೇವೆ, ಅದೂ ಡಾಕ್ಟರು ಅತ್ತೆಗೆ ಸರಿ ಅಂದರೆ. ಮಗನನ್ನು ಕೆಳಗೆ ಬಿಟ್ಟು ನಾವಿಬ್ಬರೇ ತುದಿಗೆ ಹೋಗಲು ಮನಸ್ಸು ಬರಲಿಲ್ಲ. ಸ್ಟೇಷನ್ನಿನಲ್ಲಿ ಅವನಿಗೆ ನೋಡೋಕೆ ಏನಾದರೂ ಇದೆಯಾ, ಸುಮ್ನೆ ಕೂರಬೇಕಾ?

ಮೋಡದಮೇಲೆ:

ಖಂಡಿತ ಇದೆ. ಸ್ಟೇಷನ್ ಎದುರಿಗೆ ರಸ್ತೆ ದಾಟಿದರೆ ಒಂದು ಸಣ್ಣ ದಿಬ್ಬ, ನಿಧಾನವಾಗಿ ಹತ್ತಿದರೆ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದೆ. ಅತ್ತೆಗೆ ಆಯಾಸ ಆದರೆ ಕೆಳಗೇ ಇರಲಿ. ಪಕ್ಕದಲ್ಲೇ ಸಿಲ್ವರ್‌ಸ್ವೋರ್ಡ್ ಗಿಡಗಳಿಗೆ ಬೇಲಿ ಹಾಕಿದ್ದಾರೆ. ಬೆಳ್ಳಿ ಬಣ್ಣದ ಎಲೆ, ಎಷ್ಟೋ ವರ್ಷ ಬೆಳೆದು ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ಸ್ಟೇಷನ್ನಿಗೆ ಎಲಿಸನ್ ಒನಿಜುಕಾ ಅವರ ಹೆಸರಿಟ್ಟಿದ್ದಾರೆ, ಇದೇ ದ್ವೀಪದಲ್ಲಿ ಹುಟ್ಟಿದ ಗಗನಯಾತ್ರಿ, 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದಲ್ಲಿ ತೀರಿಕೊಂಡರು. ಹೋಗುವ ಮುಂಚೆ ಮಗನಿಗೆ ಅವರ ಕಥೆ ಹೇಳಿ. ಇದೂ ಹೇಳಿ, ಸಮುದ್ರದ ತಳದಿಂದ ಅಳೆದರೆ ಈ ಬೆಟ್ಟ 10,000 ಮೀಟರ್‌ಗಿಂತ ಎತ್ತರ.

ಕತ್ತಲಾದ ಮೇಲೂ ಒಂದು ಗಂಟೆ ಅಲ್ಲೇ ಇರಿ. ಅಷ್ಟು ನಕ್ಷತ್ರಗಳು ಕಾಣುತ್ತವೆ. ಸ್ವೆಟರ್ ಒಂದು ಸಾಲದು, ದಪ್ಪ ಜಾಕೆಟ್, ಟೋಪಿ, ಕೈಗವಸು ಎಲ್ಲರಿಗೂ ಇರಲಿ. ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಳ್ಳಿ, ಬಿಳಿ ಬೆಳಕು ಹಾಕಿದರೆ ಪಕ್ಕದಲ್ಲಿ ಆಕಾಶ ನೋಡುತ್ತಿರುವವರ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ತುಂಬಾ ಹೊತ್ತು ಬೇಕು.