ಪೇಶನ್ಸ್ ಲೋಡರ್, ಮಾರ್ಟಿನ್ ಕೈಗಾಡಿ ತಂಡ, 1856: ಹಡಗಿನ ಪಟ್ಟಿಯಲ್ಲೂ ಇಲ್ಲ, ಆಮೇಲಿನ ಸೆನ್ಸಸ್‌ನಲ್ಲೂ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಲೀಹೈ_ಅಪ್ಪ:
ಎಲ್ಲರಿಗೂ ನಮಸ್ಕಾರ. ನಾವಿರೋದು ಯೂಟಾದಲ್ಲಿ. ನಾಲ್ಕನೇ ಕ್ಲಾಸಿನ ಮಗಳಿಗೆ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಒಬ್ಬ ಮಾರ್ಮನ್ ಪಯೊನಿಯರ್‌ನ (ಹತ್ತೊಂಬತ್ತನೇ ಶತಮಾನದಲ್ಲಿ ಯೂಟಾಕ್ಕೆ ವಲಸೆ ಬಂದ ಮಾರ್ಮನ್ ಪಂಥದವರು) ಆರಿಸಿಕೊಂಡು, ಹುಟ್ಟಿನಿಂದ ಸಾವಿನ ತನಕ ದಾಖಲೆ ಹಿಡಿದು ಹೇಳಬೇಕು. ಅವಳು ಆರಿಸಿದ್ದು ಪೇಶನ್ಸ್ ಲೋಡರ್ ಅನ್ನೋ ಇಂಗ್ಲಿಷ್ ಹೆಂಗಸನ್ನ. ಕೈಗಾಡಿ ಎಳೆದುಕೊಂಡು ಹೊರಟು, ಹಿಮದಲ್ಲಿ ಸಿಕ್ಕಿಬಿದ್ದು, ಬದುಕಿ ಬಂದವಳು. ಮಗಳಿಗೆ ಕಥೆ ಸಿಕ್ಕಿದೆ, ಅಪ್ಪನಿಗೆ ದಾಖಲೆ ಸಿಗುತ್ತಿಲ್ಲ.

ಇಲ್ಲಿಯವರೆಗೆ ಮಾಡಿದ್ದು: ಮಾರ್ಟಿನ್ ತಂಡದವರು ಬಂದದ್ದು ಹೊರೈಜನ್ ಹಡಗಿನಲ್ಲಿ (ಲಿವರ್‌ಪೂಲ್ ಬಿಟ್ಟದ್ದು 1856ರ ಮೇ 25) ಅಂತ ಓದಿ ಅದರ ಪಟ್ಟಿ ಪೂರ್ತಿ ಜಾಲಾಡಿದೆ. ಅಕ್ಕತಂಗಿಯರಲ್ಲಿ ಒಬ್ಬಳಾದ ಜಿಲ್ಪಾ ಗಂಡ ಜಾನ್ ಜೇಕ್ಸ್ ಜೊತೆ ಇದ್ದಾಳೆ, ಪೇಶನ್ಸ್ ಇಲ್ಲ. 1860, 1870, 1880ರ ಸೆನ್ಸಸ್‌ನಲ್ಲಿ ಲೋಡರ್ ಹೆಸರಲ್ಲಿ ಹುಡುಕಿದೆ, ಸೊನ್ನೆ. ಇಂಗ್ಲೆಂಡಿನ ಜನನ ಪ್ರಮಾಣಪತ್ರವೂ ಇಲ್ಲ. ಸೋಮವಾರ ಕೊಡಬೇಕು.

ಗದಗದ_ಗೆಳೆಯ:
1856ರದ್ದೇ ಒಂದು ಯೂಟಾ ಸೆನ್ಸಸ್ ಇದೆಯಲ್ಲ ಸರ್, ಅದನ್ನ ನೋಡಿದ್ರಾ? ಅದೇ ವರ್ಷ ಬಂದವಳು ಅಲ್ಲಿರಲೇಬೇಕು.

ಹಳೇಕಡತ:
ಗೆಳೆಯರೇ, ದಯವಿಟ್ಟು ಆ ಬಾವಿಗೆ ಇಳಿಸಬೇಡಿ. ಆ ಎಣಿಕೆ ಮಾಡಿದ್ದು ವರ್ಷದ ಆರಂಭದಲ್ಲಿ, ರಾಜ್ಯದ ಸ್ಥಾನಮಾನ ಕೇಳುವ ತಯಾರಿಗೆ. ತಲೆಯೆಣಿಕೆ ದೊಡ್ಡದಾಗಿ ಕಾಣಲಿ ಅಂತ ಸತ್ತವರನ್ನೂ ಊರಲ್ಲಿಲ್ಲದವರನ್ನೂ ಸೇರಿಸಿದ್ದಾರೆ. ಮಾರ್ಟಿನ್ ತಂಡ ಸಾಲ್ಟ್ ಲೇಕ್ ಮುಟ್ಟಿದ್ದು ನವೆಂಬರ್ 30ಕ್ಕೆ. ಅದರಲ್ಲಿ ಅವಳ ಹೆಸರು ಸಿಕ್ಕಿದ್ದರೇ ನಾನು ಅನುಮಾನ ಪಡುತ್ತಿದ್ದೆ.

ಈಗ ಹಡಗಿನ ವಿಷಯ. ತಂಡ ಬೇರೆ, ಹಡಗು ಬೇರೆ. ಹೆಚ್ಚಿನವರು ಹೊರೈಜನ್‌ನಲ್ಲಿ ಬಂದರು ನಿಜ, ಎಲ್ಲರೂ ಅಲ್ಲ. ಪೇಶನ್ಸ್, ಅಪ್ಪ ಜೇಮ್ಸ್, ಅಮ್ಮ ಏಮಿ ಎಲ್ಲ ಜಾನ್ ಜೆ. ಬಾಯ್ಡ್ ಅನ್ನೋ ಹಡಗಿನಲ್ಲಿ 1855ರ ಡಿಸೆಂಬರ್‌ನಲ್ಲೇ ಹೊರಟವರು. ಫೆಬ್ರವರಿಯಲ್ಲಿ ನ್ಯೂಯಾರ್ಕ್ ತಲುಪಿ, ಕೆಲವು ತಿಂಗಳು ಅಲ್ಲೇ ಇದ್ದು, ಆಮೇಲೆ ಕೈಗಾಡಿಗಳು ಹೊರಡುತ್ತಿದ್ದ ಅಯೋವಾ ಸಿಟಿಗೆ ಹೋದರು. ಜಿಲ್ಪಾ ಹಿಂದಿನಿಂದ ಹೊರೈಜನ್‌ನಲ್ಲಿ ಬಂದು ಕೂಡಿಕೊಂಡಳು. ಮಾರ್ಮನ್ ವಲಸಿಗರ ಹಡಗು ಪಟ್ಟಿಗಳಿರೋ 'ಸೇಂಟ್ಸ್ ಬೈ ಸೀ' ತಾಣದಲ್ಲಿ ವರ್ಷ 1855 ಅಂತ ಹಾಕಿ ನೋಡಿ.

ಆ ನ್ಯೂಯಾರ್ಕ್ ತಿಂಗಳುಗಳಿಗೂ ಒಂದು ದಾಖಲೆ ಇದೆ, ಮಗಳಿಗೆ ಖಂಡಿತ ತೋರಿಸಿ. ಕೈಗಾಡಿ ಎಳೆದುಕೊಂಡು ಹೋಗೋದು ತನಗೆ ಒಪ್ಪಿಗೆಯಿಲ್ಲ ಅಂತ ಪೇಶನ್ಸ್ ಭಾವ ಜೇಕ್ಸ್‌ಗೆ ಪತ್ರ ಬರೆದಿದ್ದಳು. ಅವನು ಅದಕ್ಕೊಂದು ಉದ್ದನೆಯ ಉಪದೇಶದ ಉತ್ತರ ಬರೆದ. ಅದು 1856ರ ಜೂನ್‌ನಲ್ಲಿ ಲಿವರ್‌ಪೂಲ್‌ನ ಮಾರ್ಮನ್ ಪತ್ರಿಕೆ ಮಿಲೇನಿಯಲ್ ಸ್ಟಾರ್‌ನಲ್ಲಿ ಅಚ್ಚಾಯಿತು. ಮನೆಮಾತು ಊರ ಮುಂದೆ! ಕಡೆಗೆ ಎಳೆದದ್ದಂತೂ ಎಳೆದರು. ಅಪ್ಪ ಸೆಪ್ಟೆಂಬರ್‌ನಲ್ಲಿ ದಾರಿಯಲ್ಲೇ ತೀರಿಕೊಂಡ. ಮುಂದೆ ಹಿಮ ಬಿದ್ದಾಗ, ಏಳಲಾರದೆ ಮಲಗಿದ್ದ ಹೆಣ್ಣುಮಕ್ಕಳನ್ನ ಎಬ್ಬಿಸೋಕೆ ಏಮಿ ಕುಣಿದು, ಬಿದ್ದಂತೆ ನಟಿಸಿದಳಂತೆ. ಇದನ್ನ ಪೇಶನ್ಸ್ ಎಷ್ಟೋ ವರ್ಷಗಳ ಮೇಲೆ ತಾನೇ ಬರೆದಿಟ್ಟಿದ್ದಾಳೆ.

ಜನನ ಪ್ರಮಾಣಪತ್ರ ಹುಡುಕಿ ದಣಿಯಬೇಡಿ. ಇಂಗ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈನಲ್ಲಿ, ಇವಳು ಹುಟ್ಟಿದ್ದು 1827ರಲ್ಲಿ. ಆಕ್ಸ್‌ಫರ್ಡ್‌ಶೈರ್‌ನ ಆಸ್ಟನ್ ರೋವಂಟ್ ಊರಿನ ಚರ್ಚ್ ರಿಜಿಸ್ಟರ್‌ನಲ್ಲಿ ದೀಕ್ಷಾಸ್ನಾನದ ನಮೂದು ನೋಡಬೇಕು.

ಮಸ್ಕತ್_ಮಲ್ಲಿಗೆ:
ಮುಂದಿನ ಗಂಟು ನಾನು ಬಿಚ್ಚುತ್ತೇನೆ. 1858ರಿಂದ ಅವಳು ಲೋಡರ್ ಅಲ್ಲವೇ ಅಲ್ಲ. ಮದುವೆಯಾಗಿದ್ದು ಜಾನ್ ರೋಜಾ (Rozsa) ಅನ್ನೋ ಹಂಗೇರಿ ಮೂಲದ ಸಿಪಾಯಿಯನ್ನ. ಮಾರ್ಮನ್ನರನ್ನ ಹದ್ದುಬಸ್ತಿನಲ್ಲಿಡೋಕೆ ಅಂತ ಅಮೆರಿಕ ಸರ್ಕಾರ ಕಳಿಸಿದ ಸೈನ್ಯದವನು! ಹಂಗೇರಿಯನ್ ಭಾಷೆಯಲ್ಲೂ ಆ ಪದಕ್ಕೆ ಗುಲಾಬಿ ಅಂತಲೇ ಅರ್ಥ, ಹಾಗಾಗಿ ನಮಗೆ ಮರೆಯೋ ಹಾಗಿಲ್ಲ. ಇಂಗ್ಲಿಷ್ ಗುಮಾಸ್ತರಿಗೆ ಮಾತ್ರ ಅದರ ಸ್ಪೆಲ್ಲಿಂಗ್ ಹಿಡಿಸಲಿಲ್ಲ. ಜೆಡ್, ಎಸ್ ಎರಡರ ಜಾಗದಲ್ಲೂ ನಕ್ಷತ್ರದ ಚಿಹ್ನೆ (*) ಹಾಕಿ ಹುಡುಕಿ. ಇಲ್ಲವೇ ಸರ್‌ನೇಮ್ ಖಾಲಿ ಬಿಟ್ಟು, ಪೇಶನ್ಸ್, ಹುಟ್ಟಿದ್ದು ಇಂಗ್ಲೆಂಡ್, ವರ್ಷ 1825-1829 ಅಂತ ಕೊಡಿ. ನನಗೆ ಎರಡನೆಯದೇ ಹೆಚ್ಚು ಕೈಹಿಡಿಯುತ್ತದೆ. ಪೇಶನ್ಸ್ ಅಂದರೆ ತಾಳ್ಮೆ, ಹುಡುಕೋರಿಗೂ ಅದೇ ಬೇಕು :)

ಸೈನ್ಯ ಇದ್ದದ್ದು ಕ್ಯಾಂಪ್ ಫ್ಲಾಯ್ಡ್‌ನಲ್ಲಿ. 1860ಕ್ಕೆ ಸೀಡರ್ ಕೌಂಟಿ ನೋಡಿ.

ಗದಗದ_ಗೆಳೆಯ:
ಸೀಡರ್ ಸಿಟಿ ತಾನೇ? ದಕ್ಷಿಣದಲ್ಲಿ, ಐರನ್ ಕೌಂಟಿ.

ಮಸ್ಕತ್_ಮಲ್ಲಿಗೆ:
ಅಲ್ಲ, ಎಲ್ಲರೂ ಎಡವೋದು ಅಲ್ಲೇ. ಯೂಟಾ ಸರೋವರದ ಪಶ್ಚಿಮಕ್ಕೆ ಸೀಡರ್ ಕೌಂಟಿ ಅಂತಲೇ ಒಂದಿತ್ತು, 1862ರಲ್ಲಿ ಯೂಟಾ ಕೌಂಟಿಯೊಳಗೆ ಕರಗಿಹೋಯಿತು. ಇವತ್ತಿನ ನಕ್ಷೆ ಹಿಡಿದು ಹುಡುಕಿದರೆ ಸಿಗಲ್ಲ.

1861ರಲ್ಲಿ ಅಂತರ್ಯುದ್ಧ ಶುರುವಾಗಿ ಸೈನ್ಯ ಪೂರ್ವಕ್ಕೆ ಹೊರಟಿತು, ಇವಳೂ ಜೊತೆಗೆ ವಾಷಿಂಗ್ಟನ್‌ವರೆಗೆ ಹೋದಳು. ಕೈಗಾಡಿ ಎಳೆದ ದಾರಿಯನ್ನೇ ಹಿಂದಕ್ಕೆ ತುಳಿದಳು ಅನ್ನಿ. ಯೂಟಾ ದಾಖಲೆಯಲ್ಲಿ ಆ ಐದು ವರ್ಷ ಖಾಲಿ ಇರೋದಕ್ಕೆ ಇದೇ ಕಾರಣ. ಆ ಅವಧಿಗೆ ಗಂಡನ ಬೆನ್ನು ಹತ್ತಿ: ಸೇನೆಯ ಭರ್ತಿ ರಿಜಿಸ್ಟರ್ ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ತಾಣದಲ್ಲಿ ಉಚಿತ. 1866ರಲ್ಲಿ ಯೂಟಾಕ್ಕೆ ವಾಪಸ್ ಬರುವಾಗ ನೆಬ್ರಾಸ್ಕಾದಲ್ಲಿ ಅವನು ತೀರಿಕೊಂಡ. ಎರಡನೇ ಸಲವೂ ಅದೇ ಬಯಲು, ಅದೇ ದುಃಖ. ಮುಂದೆ ಜಾನ್ ಆರ್ಚರ್ ಅನ್ನುವವನನ್ನ ಮದುವೆಯಾದಳು. ಸತ್ತದ್ದು 1922ರಲ್ಲಿ ಪ್ಲೆಸೆಂಟ್ ಗ್ರೋವ್‌ನಲ್ಲಿ, ಹಾಗಾಗಿ ಯೂಟಾ ರಾಜ್ಯ ಪತ್ರಾಗಾರದ ಮರಣ ಪ್ರಮಾಣಪತ್ರಗಳಲ್ಲಿ ಆರ್ಚರ್ ಅಂತ ಹುಡುಕಿ.

ಹಳೇಕಡತ:
ಒಂದು ಸೇರಿಸುತ್ತೇನೆ. ನಮ್ಮ ಕಡೆ ಹೆಳವರು ಬಂದು ವಂಶಾವಳಿ ಓದುವಾಗ ಅಜ್ಜಿಯ ತವರಿನ ಸುದ್ದಿ ಕೇಳಿದರೆ, ಅದು ಆ ಮನೆಯ ಹೆಳವನ ಹತ್ತಿರ ಕೇಳಬೇಕು ಅಂತಾರೆ. ಇಲ್ಲೂ ಅಷ್ಟೇ. ಏಮಿಯನ್ನ, ಒಡಹುಟ್ಟಿದವರನ್ನ ಮೊದಲು ಪತ್ತೆ ಮಾಡಿ, ಅವರ ಅಕ್ಕಪಕ್ಕದ ಮನೆಗಳನ್ನ ಓದುತ್ತಾ ಹೋಗಿ. ಮತ್ತೆ ಆನ್‌ಲೈನ್ ವಂಶವೃಕ್ಷಗಳನ್ನ ಸುಳಿವು ಅಂತ ಮಾತ್ರ ನೋಡಿ. ಹತ್ತು ಜನ ಒಂದೇ ದಿನಾಂಕ ಹಾಕಿದ್ದಾರೆ ಅಂದರೆ ಒಂಬತ್ತು ಜನ ಕಾಪಿ ಹೊಡೆದಿದ್ದಾರೆ ಅಂತ ಅರ್ಥ.

ಲೀಹೈ_ಅಪ್ಪ:
ಬಾಯ್ಡ್ ಹಡಗಿನಲ್ಲಿ ಇಡೀ ಕುಟುಂಬ ಸಿಕ್ಕಿತು! ಹದಿನೈದು ದಿನ ತಪ್ಪು ಹಡಗಿನಲ್ಲಿ ಕೂತಿದ್ದೆ ನಾನು. ಆರ್ಚರ್ ಹೆಸರಲ್ಲಿ 1922 ಕೂಡ ಆಯಿತು. ಶಾಲೆಯ ಫಾರಂನಲ್ಲಿ ಲಾಸ್ಟ್ ನೇಮ್‌ಗೆ ಒಂದೇ ಒಂದು ಚೌಕ ಇದೆ, ಮಗಳು ಮೂರನ್ನೂ ಸಣ್ಣಕ್ಷರದಲ್ಲಿ ತುರುಕಿದ್ದಾಳೆ. 1870 ಮಾತ್ರ ಇನ್ನೂ ಬಾಕಿ. ಇವತ್ತು ರಾತ್ರಿ ಪ್ಲೆಸೆಂಟ್ ಗ್ರೋವ್‌ನ ಹಾಳೆಗಳನ್ನ ಒಂದೊಂದಾಗಿ ತಿರುವಿ ಹಾಕ್ತೀನಿ, ಮೊದಲು ಏಮಿಯನ್ನ ಹುಡುಕಿಕೊಂಡು.